ಗಾಡಿ ತೊಳೆದಾಯ್ತು, ಗಾಡಿಯಲ್ಲಿದ್ದವರು?

ನನ್ನ ಚಿಕ್ಕಪ್ಪನ ಮಗ 108 ಆಂಬುಲೆನ್ಸ್‌ನಲ್ಲಿ ಇಎಂಟಿ. ಗಾಡಿಯ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ಮುಟ್ಟುವ ತನಕ ಜೀವ ಹಿಡಿದಿಡುವ ಕೆಲಸ. ಮುಂದೆ ಸ್ಟೀರಿಂಗ್ ಹಿಡಿಯುವವರನ್ನು ಅಲ್ಲಿ ಡ್ರೈವರ್ ಅನ್ನುವುದಿಲ್ಲ, ಪೈಲಟ್ ಅನ್ನುತ್ತಾರೆ. ದಾವಣಗೆರೆಗೂ ಚಿತ್ರದುರ್ಗಕ್ಕೂ ನಡುವೆ, ಹೆದ್ದಾರಿ ಪಕ್ಕದ ಒಂದು ಊರಲ್ಲಿ ಇವರ ಗಾಡಿ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ, ಈರುಳ್ಳಿ ಲಾರಿ ಪಲ್ಟಿಯಾದ ಕೇಸ್ ಬಂತು. ರಸ್ತೆ ತುಂಬಾ ಈರುಳ್ಳಿ. ಕ್ಯಾಬಿನ್ ಅಡಿ ಕ್ಲೀನರ್ ಹುಡುಗ ಸಿಕ್ಕಿಕೊಂಡಿದ್ದ, ಪ್ರಜ್ಞೆ ಇತ್ತು. ಕ್ರೇನ್ ಬರದೆ ಏನೂ ಮಾಡುವ ಹಾಗಿರಲಿಲ್ಲ. ಇವನು ಮಳೆಯಲ್ಲಿ ನೆಲಕ್ಕೆ ಮಲಗಿ ಡ್ರಿಪ್ ಹಾಕಿ, ಹುಡುಗನ ಕೈ ಹಿಡಿದುಕೊಂಡಿದ್ದ. "ಎಷ್ಟೊತ್ತಾಗುತ್ತಣ್ಣ?" ಅಂತ ಅವನು ಕೇಳಿದಾಗಲೆಲ್ಲ "ಐದೇ ನಿಮಿಷ, ಬಂತು" ಅನ್ನುತ್ತಿದ್ದ. ಕ್ರೇನ್ ಬಂದಿದ್ದು ಮುಕ್ಕಾಲು ಗಂಟೆ ಆದ ಮೇಲೆ. ಹುಡುಗ ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡ.

ಬೆಳಗಿನ ಜಾವ ಇಬ್ಬರೂ ಸೇರಿ ಗಾಡಿ ತೊಳೆದರು. ಸ್ಟ್ರೆಚರ್ ಒರೆಸಿದರು. ಆಕ್ಸಿಜನ್ ಎಷ್ಟಿದೆ ನೋಡಿದರು. ಖರ್ಚಾದ ಗ್ಲೌಸ್, ಹತ್ತಿ, ಡ್ರಿಪ್ ಬಾಟಲಿ ಲೆಕ್ಕ ಬರೆದು ಮತ್ತೆ ತುಂಬಿಸಿದರು. ಗಾಡಿ ರೆಡಿ ಅಂತ ಫೋನಿನಲ್ಲಿ ತಿಳಿಸಿದರು. ಗಾಡಿಯಲ್ಲಿದ್ದ ಇಬ್ಬರು ರೆಡಿನಾ ಅಂತ ಕೇಳುವ ಕಾಲಂ ಮಾತ್ರ ಆ ಪುಸ್ತಕದಲ್ಲಿ ಇರಲಿಲ್ಲ. ಅರ್ಧ ಗಂಟೆಯಲ್ಲಿ ಹೆರಿಗೆ ಕೇಸ್ ಬಂತು, ಹೊರಟರು.

ಮೂರು ವಾರ ಕಳೆದ ಮೇಲೆ ದಾವಣಗೆರೆಯಲ್ಲಿ ನಾವು ಮಂಡಕ್ಕಿ-ಮಿರ್ಚಿ ತಿನ್ನಲು ಹೋಗಿದ್ದೆವು. ಅಂಗಡಿಯವನು ಖಾರ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದ. ಇವನ ಮುಖ ಬಿಳಿಚಿಕೊಂಡಿತು. ಕೈ ಬೆವರಿತು. "ಅಕ್ಕಾ, ನಡಿ ಹೋಗೋಣ" ಅಂತ ಎದ್ದುಬಿಟ್ಟ. ನಾನು ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡೆ.

ಅಲ್ಲಿ ಕೆಟ್ಟಿದ್ದು ಏನು, ಅದಕ್ಕೆ ಮದ್ದು ಏನು, ಅದು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತೆ ಅನ್ನುವುದನ್ನು ಆಮೇಲೆ ನಾನು ನಿಧಾನಕ್ಕೆ ತಿಳಿದುಕೊಂಡೆ. ಈ ಬರಹ ಅದೇ.

ಯಾರಿವರು

ಕರ್ನಾಟಕದಲ್ಲಿ 108 'ಆರೋಗ್ಯ ಕವಚ' ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಅಷ್ಟರಲ್ಲಾಗಲೇ ಅಗ್ನಿಶಾಮಕದವರು, ಪೊಲೀಸರು ಅಪಘಾತ, ಸಾವುನೋವಿನ ಜಾಗಕ್ಕೆ ಮೊದಲು ಓಡುವ ಈ ಕೆಲಸದಲ್ಲಿ ಇದ್ದೇ ಇದ್ದರು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ಇಷ್ಟನ್ನೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ನಮ್ಮ ಬಾಯಲ್ಲಿ ಅದು ಈಗಲೂ ಎನ್‌ಎಚ್ ನಾಲ್ಕೇ. ರಾತ್ರಿಯಿಡೀ ಬೆಂಗಳೂರಿಗೆ ಓಡುವ ಸ್ಲೀಪರ್ ಬಸ್ಸುಗಳು, ಲೋಡ್ ಲಾರಿಗಳು. 2020ರ ಆಗಸ್ಟ್‌ನಲ್ಲಿ ಹಿರಿಯೂರು ಹತ್ತಿರ ಖಾಸಗಿ ಬಸ್ಸಿಗೆ ಬೆಂಕಿ ಹತ್ತಿ ಐದು ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಪೇಪರಿನಲ್ಲಿ ನಾವು ಸತ್ತವರ ಸಂಖ್ಯೆ ಓದಿದೆವು. ಬೆಂಕಿ ಆರಿದ ಬಸ್ಸಿನೊಳಗೆ ಯಾರೋ ಮೊದಲು ಕಾಲಿಡಲೇಬೇಕಲ್ಲ, ಅವರ ಬಗ್ಗೆ ಯೋಚಿಸಿದವರು ಕಡಿಮೆ.

ಭದ್ರಾ ನಾಲೆಯಲ್ಲಿ ಕೊಚ್ಚಿಹೋದವರನ್ನು ಹುಡುಕುವವರು ಇದ್ದಾರೆ. ಅಸಹಜ ಸಾವಿನ ಪ್ರಕರಣ, ಅವರ ಭಾಷೆಯಲ್ಲಿ ಯುಡಿಆರ್, ಬಂದಾಗ ಪಂಚನಾಮೆ ಮುಗಿಯುವ ತನಕ ಬಾಡಿ ಕಾಯುವ ಕಾನ್‌ಸ್ಟೇಬಲ್ ಇದ್ದಾರೆ. 108ಕ್ಕೋ 112ಕ್ಕೋ ಫೋನ್ ಮಾಡಿದಾಗ ಆ ಕಡೆ ಮಾತಾಡುವ ಹುಡುಗಿ ಇದ್ದಾಳೆ. ಅವಳಿಗೆ ಏನೂ ಕಾಣಿಸುವುದಿಲ್ಲ, ಕಿರುಚಾಟ ಮಾತ್ರ ಕೇಳುತ್ತದೆ, ಆಮೇಲೆ ಏನಾಯ್ತು ಅಂತ ಗೊತ್ತಾಗುವುದೂ ಇಲ್ಲ. ಇನ್ನು ಯೂನಿಫಾರ್ಮ್ ಇಲ್ಲದವರು: ಢಾಬಾದ ಹುಡುಗ, ಪಂಕ್ಚರ್ ಅಂಗಡಿಯವನು, ಹೊಲದಿಂದ ಓಡಿಬಂದವನು. ಎಲ್ಲರಿಗಿಂತ ಮೊದಲು ಮುಟ್ಟುವವರು ಇವರೇ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ಇವರಿಗೆ ಪೊಲೀಸ್-ಕೋರ್ಟ್ ಕಾಟ ಆಗದ ಹಾಗೆ ರಕ್ಷಣೆ ಕೊಟ್ಟಿದೆ. ರಾತ್ರಿ ನಿದ್ದೆ ಬಂತೇನಪ್ಪಾ ಅಂತ ಕೇಳುವವರು ಯಾರೂ ಇಲ್ಲ.

ಲಾಟ್ ಚೀಟಿ ಇಲ್ಲದ ರಾಶಿ

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳದ ಸೀಜನ್ನಿನಲ್ಲಿ ಹೋಗಿ ನೋಡಿ. ಎಲ್ಲಿ ನೋಡಿದರೂ ರಾಶಿ. ಆದರೂ ಗೊಂದಲ ಇರುವುದಿಲ್ಲ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಯಾರದ್ದು, ಯಾವತ್ತು ಬಂದದ್ದು ಅಂತ ಗೊತ್ತಿರುತ್ತದೆ. ನಮ್ಮ ನೆನಪೂ ಸುಮಾರಾಗಿ ಹೀಗೇ ಕೆಲಸ ಮಾಡುತ್ತದೆ. ಹೋದ ವರ್ಷದ ಮದುವೆಯ ಗಲಾಟೆ ನೆನಪಾದರೆ, 'ಅದು ಹೋದ ವರ್ಷದ್ದು' ಅಂತ ಚೀಟಿ ಅದರ ಜೊತೆಗೇ ಬರುತ್ತದೆ. ಈ ಚೀಟಿ ಅಂಟಿಸುವ ಕೆಲಸದಲ್ಲಿ ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗದ ಪಾತ್ರ ದೊಡ್ಡದು. ಅದರ ಪಕ್ಕದಲ್ಲೇ ಬಾದಾಮಿ ಆಕಾರದ ಇನ್ನೊಂದು ಭಾಗ ಇದೆ, ಅಮಿಗ್ಡಲ. ಅದು ಕಾವಲುಗಾರ. ಅಪಾಯ ಕಂಡ ತಕ್ಷಣ ಕೂಗು ಹಾಕುವುದೇ ಅದರ ಕೆಲಸ.

ಜೀವ ಹೋಗುವಂಥ ಹೊತ್ತಿನಲ್ಲಿ ಕಾವಲುಗಾರನ ಕೂಗು ಎಷ್ಟು ಜೋರಾಗಿರುತ್ತೆ ಅಂದರೆ, ಚೀಟಿ ಅಂಟಿಸುವವನಿಗೆ ಕೈ ಆಡುವುದಿಲ್ಲ. ವಾಸನೆ, ಸದ್ದು, ಕೈಗೆ ತಾಗಿದ ತಣ್ಣಗಿನ ಅನುಭವ ಎಲ್ಲ ಒಳಗೆ ಬಂದು ಬೀಳುತ್ತವೆ, ತಾರೀಕು ಮಾತ್ರ ಇರುವುದಿಲ್ಲ. ಆಮೇಲೆ ಯಾವತ್ತೋ ಎಲ್ಲೋ ಈರುಳ್ಳಿ ವಾಸನೆ ಬಂದರೆ ಆ ರಾಶಿ ಅಲುಗಾಡುತ್ತದೆ. ಚೀಟಿ ಇಲ್ಲದ ಕಾರಣ ಮೈಗೆ ಅದು ಹಳೆಯದು ಅಂತ ಗೊತ್ತಾಗುವುದಿಲ್ಲ. ಈಗ, ಇಲ್ಲೇ ನಡೆಯುತ್ತಿದೆ ಅನ್ನಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಕಾಲು ಓಡಲು ತಯಾರಾಗುತ್ತದೆ. ಮಂಡಕ್ಕಿ ಅಂಗಡಿಯಲ್ಲಿ ನಾನು ನೋಡಿದ್ದು ಇದನ್ನೇ. ಮೆದುಳಿನ ಕಥೆ ಇಷ್ಟು ಸರಳವಲ್ಲ, ಡಾಕ್ಟರು ಓದಿದರೆ ತಲೆ ಅಲ್ಲಾಡಿಸಬಹುದು. ಆದರೂ ಕೆಲಸಕ್ಕೆ ಇಷ್ಟು ಸಾಕು.

ಘಟನೆ ಆದ ಮೊದಲ ದಿನಗಳಲ್ಲಿ ಹೀಗಾದರೆ ಅದು ಕಾಯಿಲೆ ಅಲ್ಲ. ನಿದ್ದೆ ಬರಲ್ಲ, ಊಟ ಸೇರಲ್ಲ, ಕಣ್ಣು ಮುಚ್ಚಿದರೆ ಅದೇ ದೃಶ್ಯ. ಹೆಚ್ಚಿನವರಲ್ಲಿ ಇದು ದಿನ ಕಳೆದ ಹಾಗೆ ತಾನಾಗಿಯೇ ಕಡಿಮೆಯಾಗುತ್ತದೆ. ಚೀಟಿ ತಡವಾಗಿ ಅಂಟುತ್ತದೆ, ಅಷ್ಟೆ. ವೈದ್ಯರು ಗೆರೆ ಎಳೆಯುವುದು ಒಂದು ತಿಂಗಳಿಗೆ. ತಿಂಗಳು ಕಳೆದರೂ ದೃಶ್ಯಗಳು ನುಗ್ಗಿ ಬರುತ್ತಿದ್ದರೆ, ಆ ಜಾಗ ಆ ವಾಸನೆ ಆ ಮಾತು ಅಂದರೆ ತಪ್ಪಿಸಿಕೊಳ್ಳುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ, ಮನೆಯವರ ಮೇಲೂ ಪ್ರೀತಿ ಬತ್ತಿದ ಹಾಗಿದ್ದರೆ, ಇದರಿಂದ ಕೆಲಸ ಸಂಸಾರ ಕೆಡುತ್ತಿದ್ದರೆ, ಆಗ ಅದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ. ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ.

ಯುದ್ಧಕ್ಕೆ ಹೋದ ಸೈನಿಕರಲ್ಲಿ ಇದನ್ನು ಮೊದಲನೇ ಮಹಾಯುದ್ಧದ ಕಾಲದಿಂದಲೇ ಗಮನಿಸಿದ್ದರು. ಈ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. 2013ರಲ್ಲಿ ಬಂದ ಅದರ ಐದನೇ ಆವೃತ್ತಿ ಇನ್ನೊಂದು ಮುಖ್ಯ ಮಾತು ಸೇರಿಸಿತು. ತನ್ನ ಜೀವಕ್ಕೇ ಅಪಾಯ ಬಂದಿರಬೇಕು ಅಂತಿಲ್ಲ, ಕೆಲಸದ ಕಾರಣಕ್ಕೆ ಇಂಥದ್ದನ್ನು ಮತ್ತೆ ಮತ್ತೆ ನೋಡಬೇಕಾಗಿ ಬಂದರೂ ಈ ಕಾಯಿಲೆ ಬರಬಹುದು. ಶವದ ಭಾಗಗಳನ್ನು ಆರಿಸುವ ತುರ್ತು ಸೇವೆಯವರನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. "ಏಟು ಬಿದ್ದಿದ್ದು ನಿನಗಲ್ಲವಲ್ಲ, ನಿನಗೇನಾಗಿದೆ?" ಅನ್ನುವವರಿಗೆ ಇದು ಉತ್ತರ.

"ನಾನು ಸುಳ್ಳು ಹೇಳಿದೆ"

ಈರುಳ್ಳಿ ವಾಸನೆ ಮೇಲೆ ಕಾಣಿಸಿದ್ದು. ಅದರ ಕೆಳಗೆ ಇನ್ನೊಂದು ಇತ್ತು. ಅವನ ಹೆಂಡತಿ ಅಡುಗೆಮನೆಯಿಂದ "ಐದು ನಿಮಿಷ, ತಟ್ಟೆ ಹಾಕ್ತೀನಿ" ಅಂದರೆ ಸಾಕು, ಸಿಡುಕುತ್ತಿದ್ದ. ಒಂದು ದಿನ ತಟ್ಟೆ ಎಸೆದ. ಅವಳಿಗೆ ತನ್ನ ಅಡುಗೆ ಮೇಲೆ ಸಿಟ್ಟು ಅಂತ ಅನ್ನಿಸಿತ್ತು, ಪಾಪ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಬಂತು: "ಐದೇ ನಿಮಿಷ ಅಂತ ಆ ಹುಡುಗನಿಗೆ ಸುಳ್ಳು ಹೇಳಿದೆ ಅಕ್ಕ. ನನ್ನ ಮಾತು ನಂಬಿಕೊಂಡೇ ಸತ್ತ."

ಇದು ಭಯ ಅಲ್ಲ, ತಪ್ಪಿತಸ್ಥ ಭಾವ. ತುರ್ತು ಸೇವೆಯವರಲ್ಲಿ ಇದೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಅವರ ಕೆಲಸದಲ್ಲಿ ನಿಮಿಷದ ಲೆಕ್ಕ ಇದೆ. ದಾವಣಗೆರೆಯ ಅಶೋಕ ಟಾಕೀಸ್ ಬಳಿ ರೈಲ್ವೆ ಗೇಟ್ ಹಾಕಿದಾಗ ಕಾದವರಿಗೆ ಗೊತ್ತು, ಐದು ನಿಮಿಷ ಎಷ್ಟು ಉದ್ದ ಅಂತ. ಹಿಂದೆ ರೋಗಿ ಇದ್ದು ಮುಂದೆ ಗೇಟ್ ಬಿದ್ದಿದ್ದರೆ? ಗೇಟ್ ಹಾಕಿದ್ದು ಪೈಲಟ್ ಅಲ್ಲ. ಆದರೆ ರಾತ್ರಿ ಮಲಗಿದಾಗ 'ಬೇರೆ ದಾರಿ ಹಿಡಿಯಬೇಕಿತ್ತು' ಅನ್ನುವುದು ಪೈಲಟ್ಟೇ. ತಾನು ಸರಿ ಅಂದುಕೊಂಡಿದ್ದನ್ನು ಮಾಡಲಾಗದೆ ಹೋದಾಗ ಆಗುವ ಈ ಗಾಯಕ್ಕೆ ಮನಃಶಾಸ್ತ್ರದವರು ನೈತಿಕ ಗಾಯ ಅನ್ನುತ್ತಾರೆ. ಗುರುತು ಪರಿಚಯದ ಊರುಗಳಲ್ಲಿ ಇದು ಇನ್ನೂ ಕಷ್ಟ. ಸತ್ತವರ ಮನೆ ಮುಂದೆಯೇ ನಾಳೆ ಓಡಾಡಬೇಕು.

ಒಂದೇ ದೊಡ್ಡ ಘಟನೆ ಬೇಕಂತಲೂ ಇಲ್ಲ. ಸಣ್ಣ ಸಣ್ಣವು ನೂರು ಸೇರಿದರೂ ಆಯಿತು. ಹನ್ನೆರಡು ಗಂಟೆಯ ಶಿಫ್ಟ್, ಅರ್ಧ ಊಟದಲ್ಲಿ ಎದ್ದು ಓಡುವುದು, ತಡವಾಯಿತು ಅಂತ ಜನರಿಂದ ಬೈಗುಳ, ಕೆಲವು ಸಲ ಏಟು. ಕೊನೆಗೆ ಅಳುವವರನ್ನು ಕಂಡರೂ ಏನೂ ಅನ್ನಿಸದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಬರ್ನ್‌ಔಟ್ ಅಂತ ಗುರುತಿಸಿದೆ, ಆದರೆ ಕಾಯಿಲೆಯಾಗಿ ಅಲ್ಲ, ಕೆಲಸದ ಜಾಗದಿಂದ ಹುಟ್ಟುವ ಸಮಸ್ಯೆಯಾಗಿ. ಇದು ಒಳ್ಳೆಯ ವ್ಯತ್ಯಾಸ. ಕೆಲಸದ ಜಾಗದ ಸಮಸ್ಯೆಗೆ ಮದ್ದು ಅರ್ಧ ಕೆಲಸದ ಜಾಗದಲ್ಲೇ ಇರಬೇಕು, ಅಲ್ವಾ? ನೌಕರನಿಗೆ 'ಯೋಗ ಮಾಡಪ್ಪ' ಅಂದು ಸುಮ್ಮನಾಗುವುದು ಮೇಲಿನವರಿಗೆ ಸುಲಭದ ದಾರಿ.

ಅಭ್ಯಾಸ ಆಗುತ್ತೆ ಅನ್ನುವ ಮಾತು

ಈ ಕೆಲಸಕ್ಕೆ ಸೇರಿದ ಹೊಸಬರಿಗೆ ಹಿರಿಯರು ಹೇಳುವ ಮೊದಲ ಮಾತು "ಅಭ್ಯಾಸ ಆಗುತ್ತೆ ಬಿಡು". ಒಂದು ಮಟ್ಟಿಗೆ ಸತ್ಯ. ರಕ್ತ ನೋಡಿ ತಲೆ ಸುತ್ತುವುದು ನಿಲ್ಲುತ್ತದೆ, ಕೈ ನಡುಗುವುದು ನಿಲ್ಲುತ್ತದೆ. ಆದರೆ ಆ ಮಾತಿನ ಹೊಟ್ಟೆಯಲ್ಲಿ ಇನ್ನೊಂದು ಮಾತು ಕೂತಿರುತ್ತದೆ: ಅಭ್ಯಾಸ ಆಗದಿದ್ದರೆ ನಿನ್ನಲ್ಲೇ ಏನೋ ಕೊರತೆ. ಅಲ್ಲಿಗೆ ಬಾಯಿ ಮುಚ್ಚಿತು.

ದುರ್ಗದವರಿಗೆ ಒನಕೆ ಓಬವ್ವನ ಕಥೆ ಬಿಡಿಸಿ ಹೇಳಬೇಕಿಲ್ಲ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ನುಸುಳುವ ಶತ್ರು ಕಾಣುತ್ತಾನೆ, ಕೈಗೆ ಸಿಕ್ಕಿದ್ದು ಒನಕೆ. ಆ ಹೊತ್ತಿಗೆ ಅಲ್ಲಿ ಮೊದಲು ಮುಟ್ಟಿದವಳು ಅವಳೇ. ನಾವು ಶಾಲೆಯಲ್ಲಿ ಕಥೆ ನಿಲ್ಲಿಸುವುದು ಅವಳು ಒನಕೆ ಎತ್ತಿದಲ್ಲಿಗೆ. ಆಮೇಲೆ ಅವಳಿಗೆ ಏನಾಯಿತು? ಶತ್ರುಗಳು ಕೊಂದರು ಅಂತ ಒಂದು ಮಾತಿದೆ. ಆ ಆಘಾತಕ್ಕೇ ಅದೇ ದಿನ ಪ್ರಾಣ ಬಿಟ್ಟಳು ಅಂತಲೂ ಇನ್ನೊಂದು ಮಾತಿದೆ. ನಿಜ ಯಾವುದೋ. ಅಷ್ಟು ಧೈರ್ಯ ಮಾಡಿದವಳಿಗೂ ಎದೆ ಒಡೆಯಬಹುದು ಅಂತ ಕಥೆ ಹೇಳಿದ ಯಾರಿಗೋ ಹೊಳೆದಿತ್ತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಅಗ್ನಿಶಾಮಕ ಠಾಣೆಗಳಲ್ಲಿ ಪ್ರತಿ ವರ್ಷ ಏಪ್ರಿಲ್ 14ರಂದು ಹುತಾತ್ಮರಿಗೆ ಗೌರವ ಸಲ್ಲಿಸುತ್ತಾರೆ. 1944ರಲ್ಲಿ ಬೊಂಬಾಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟವಾಗಿ 60ಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಸತ್ತ ದಿನ ಅದು. ಸತ್ತವರಿಗೆ ದಿನ ಇದೆ. ಅವರ ಪಕ್ಕದಲ್ಲಿ ನಿಂತಿದ್ದು ಬದುಕಿ ಬಂದವರಿಗೆ ಏನಿದೆ ಅಂತ ಹುಡುಕಿದರೆ ಕೈಗೆ ಸಿಗುವುದು ಕಡಿಮೆ.

ಆ ಜಾಗ ತುಂಬುವುದು ಎಣ್ಣೆ. ಡ್ಯೂಟಿ ಮುಗಿಸಿ ಒಂದು ಕ್ವಾರ್ಟರ್ ಹಾಕಿದರೆ ನಿದ್ದೆ ಬರುತ್ತೆ ಅನ್ನುವುದು ಸುಳ್ಳಲ್ಲ. ಬೇಗ ಬರುತ್ತದೆ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಚೂರುಚೂರಾಗುತ್ತದೆ, ಕನಸು ಬೀಳುವ ನಿದ್ದೆಯ ಲಯ ತಪ್ಪುತ್ತದೆ. ನೆನಪುಗಳು ಒಂದು ದಾರಿಗೆ ಬರಲು ಬೇಕಾದ ನಿದ್ದೆಯಲ್ಲಿ ಅದೂ ಒಂದು. ಚೀಟಿ ಅಂಟಿಸುವವನಿಗೇ ಕುಡಿಸಿ ಮಲಗಿಸಿದ ಹಾಗೆ.

ಕೌನ್ಸೆಲಿಂಗ್ ಅಂದರೆ ಏನು, ಏನಲ್ಲ

ಬುದ್ಧಿ ಹೇಳುವುದು ಕೌನ್ಸೆಲಿಂಗ್ ಅಲ್ಲ. "ಧೈರ್ಯ ತಗೋ, ಎಲ್ಲ ದೇವರಿಟ್ಟ ಹಾಗೆ" ಅನ್ನಲು ನಮ್ಮಲ್ಲಿ ಜನಕ್ಕೆ ಬರ ಇಲ್ಲ. ವರ್ಷಕ್ಕೊಮ್ಮೆ ಹಾಲ್‌ನಲ್ಲಿ ಕೂರಿಸಿ 'ಒತ್ತಡ ನಿರ್ವಹಣೆ' ಅಂತ ಭಾಷಣ ಮಾಡಿಸಿ ಬಿಸ್ಕತ್ತು-ಚಹಾ ಕೊಡುವುದೂ ಅಲ್ಲ.

ಮೊದಲು ಯಾರು ಯಾರು ಅಂತ ತಿಳಿಯೋಣ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ ಮೇಲೆ ಮಾನಸಿಕ ಕಾಯಿಲೆಗಳ ಬಗ್ಗೆ ಓದಿದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದವರು. ಆಪ್ತಸಮಾಲೋಚಕರು ಅಂದರೆ ಕೌನ್ಸೆಲರ್, ಅವರ ಓದು ತರಬೇತಿ ಒಬ್ಬೊಬ್ಬರದು ಒಂದೊಂದು ಥರ, ಕೇಳಿ ತಿಳಿದುಕೊಂಡು ಹೋಗುವುದು ಒಳ್ಳೆಯದು. ತಿಂಗಳು ದಾಟಿದ ತೊಂದರೆಗೆ ಮೊದಲಿನ ಇಬ್ಬರಲ್ಲಿ ಒಬ್ಬರು ಬೇಕು.

ಈ ವಿಷಯದಲ್ಲಿ ತಜ್ಞರೇ ಒಮ್ಮೆ ಎಡವಿದ್ದಾರೆ. ಅಮೆರಿಕದಲ್ಲಿ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಕೆಲಸ ಮಾಡಿದ್ದ ಜೆಫ್ರಿ ಮಿಚೆಲ್ ಅನ್ನುವವರು 1983ರಲ್ಲಿ ಒಂದು ಪದ್ಧತಿ ಮುಂದಿಟ್ಟರು. ದೊಡ್ಡ ಘಟನೆ ಆದ ಒಂದೆರಡು ದಿನದಲ್ಲಿ ಎಲ್ಲ ಸಿಬ್ಬಂದಿಯನ್ನು ಸುತ್ತ ಕೂರಿಸಿ, ನೋಡಿದ್ದು ಅನ್ನಿಸಿದ್ದು ಎಲ್ಲ ಹೇಳಿಸುವುದು. ಡಿಬ್ರೀಫಿಂಗ್ ಅಂತ ಹೆಸರು. ಕೇಳಲು ಚೆನ್ನಾಗಿಯೇ ಇದೆ. ಪ್ರಪಂಚದ ಎಷ್ಟೋ ಕಡೆ ಕಡ್ಡಾಯವೂ ಆಯಿತು. ಆದರೆ ಇಂಥ ಒಂದೇ ಬೈಠಕ್ಕಿನ ಡಿಬ್ರೀಫಿಂಗ್ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆ 2002ರಲ್ಲಿ ಹೇಳಿದ್ದು ಬೇರೆ. ಅದರಿಂದ ಪಿಟಿಎಸ್‌ಡಿ ತಡೆದಂತೆ ಕಾಣಲಿಲ್ಲ, ಕೆಲವರಿಗೆ ಕೆಡುಕೇ ಆಗಿರಬಹುದು. ಇನ್ನೂ ಹಸಿಯಾಗಿರುವ ಗಾಯವನ್ನು ಹತ್ತು ಜನರ ಮುಂದೆ ಬಲವಂತವಾಗಿ ಬಿಚ್ಚಿಸುವುದು ಎಲ್ಲರಿಗೂ ಒಗ್ಗುವುದಿಲ್ಲ.

ಹಾಗಾದರೆ ಮೊದಲ ದಿನಗಳಲ್ಲಿ ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆ ಬಗ್ಗೆ ಒಂದು ಕೈಪಿಡಿ ತಂದಿತು. ಅದರ ಸಾರ ಮೂರು ಮಾತು: ನೋಡು, ಕೇಳು, ಜೋಡಿಸು. ಯಾರಿಗೆ ತೊಂದರೆ ಆಗಿದೆ ನೋಡು. ಅವರು ಹೇಳಿದರೆ ಕೇಳು, ಹೇಳದಿದ್ದರೆ ಕೆದಕಬೇಡ. ಬೇಕಾದ ಸಹಾಯಕ್ಕೆ ಜೋಡಿಸು. ಒಣ ಬಟ್ಟೆ, ಬಿಸಿ ಚಹಾ, ಮನೆಗೆ ಫೋನ್, ಸ್ವಲ್ಪ ನಿದ್ದೆ, ಇವೆಲ್ಲ ಇದರೊಳಗೇ ಬರುತ್ತವೆ. ನಿದ್ದೆ ಮಾತ್ರೆ ಬಗ್ಗೆ ಒಂದು ಎಚ್ಚರ: ಇಂಥ ಆಘಾತ ಆದ ಮೊದಲ ತಿಂಗಳಲ್ಲಿ ಒತ್ತಡದ ಲಕ್ಷಣಗಳಿಗೆ ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆ ಕೊಡಬೇಡಿ ಅಂತ ಅದೇ ಸಂಸ್ಥೆ 2013ರಲ್ಲಿ ಹೇಳಿದೆ. ಮೆಡಿಕಲ್ ಶಾಪಿನ ಗೆಳೆಯ 'ತಗೋ ಮಲ್ಕೋ' ಅಂತ ಕೊಡುವುದು ಎಷ್ಟೋ ಸಲ ಇದೇ ಗುಂಪಿನದ್ದು.

ತಿಂಗಳು ದಾಟಿದ ಮೇಲೆ ಚಿಕಿತ್ಸೆ. ಇಲ್ಲಿ ಮಾತ್ರ ಮತ್ತೆ ಆ ರಾತ್ರಿಗೆ ಹೋಗಲೇಬೇಕು, ಆದರೆ ತರಬೇತಿ ಇದ್ದವರ ಕೈ ಹಿಡಿದು, ನಿಧಾನವಾಗಿ. ನನ್ನ ತಮ್ಮನಿಗೆ ಆದದ್ದನ್ನು ಅವನೇ ಹೇಳಿದ ಹಾಗೆ ಬರೆಯುತ್ತೇನೆ. ಮೊದಲ ಎರಡು ಸಲ ಆ ಹುಡುಗನ ವಿಷಯವೇ ಬರಲಿಲ್ಲ. ನಿದ್ದೆ ಎಷ್ಟು, ಊಟ ಎಷ್ಟು, ಕುಡಿತ ಎಷ್ಟು, ಸಾಯಬೇಕು ಅಂತ ಅನ್ನಿಸಿದ್ದಿದೆಯಾ ಅಂತ ಕೇಳಿದರು. ಉಸಿರು ನಿಧಾನ ಮಾಡುವುದು ಹೇಳಿಕೊಟ್ಟರು. ಮೈಯೊಳಗೆ ಏನಾಗುತ್ತಿದೆ ಅಂತ ಬಿಡಿಸಿ ಹೇಳಿದರು. "ನಂಗೆ ಹುಚ್ಚಲ್ಲ ಅಂತ ಅವತ್ತೇ ಗೊತ್ತಾಗಿದ್ದು ಅಕ್ಕ" ಅಂದ.

ಮೂರನೇ ಸಲ ಆ ರಾತ್ರಿಯನ್ನು ಕಣ್ಣು ಮುಚ್ಚಿ, ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಲು ಹೇಳಿದರು. ಹೇಳಿದ, ಬೆವರಿದ, ಅತ್ತ. ಮುಂದಿನ ವಾರ ಮತ್ತೆ ಅದನ್ನೇ. ಅದರ ಮುಂದಿನ ವಾರ ಮತ್ತೆ. ಪ್ರತಿ ಸಲ ಹೇಳುವಾಗಲೂ ಮರೆತಿದ್ದ ಒಂದೊಂದು ಚೂರು ಸೇರಿಕೊಂಡಿತು. ಲಾರಿ ಡ್ರೈವರ್ ಟಾರ್ಚ್ ಹಿಡಿದು ನಿಂತಿದ್ದ. ಪೈಲಟ್ ಮೂರು ಸಲ ಕ್ರೇನಿನವರಿಗೆ ಫೋನ್ ಮಾಡಿದ್ದರು. ಹುಡುಗ ಒಮ್ಮೆ ನಕ್ಕಿದ್ದ ಕೂಡ, ತನ್ನ ಊರಿನ ತೇರಿನ ಸುದ್ದಿ ಹೇಳುವಾಗ. ರಾಶಿ ಹೀಗೆ ಒಂದು ಕಥೆಯಾಯಿತು, ಮೊದಲು ಕೊನೆ ಇರುವ ಕಥೆ.

'ಸುಳ್ಳು ಹೇಳಿದೆ' ಅನ್ನುವ ಮಾತಿಗೆ ಅವರು ಸಮಾಧಾನ ಹೇಳಲಿಲ್ಲ. ಪ್ರಶ್ನೆ ಕೇಳಿದರು. "ಐದು ನಿಮಿಷ ಅನ್ನದೆ ಇನ್ನೇನು ಹೇಳಬಹುದಿತ್ತು?" "ಮುಕ್ಕಾಲು ಗಂಟೆ ಆಗುತ್ತೆ ಅಂತ ನಿಮಗೆ ಆಗ ಗೊತ್ತಿತ್ತಾ?" "ನೀವು ಕೈ ಬಿಟ್ಟು ಎದ್ದು ಹೋಗಿದ್ದರೆ ಅವನಿಗೆ ಹೇಗಿರುತ್ತಿತ್ತು?" ಉತ್ತರ ಇವನ ಬಾಯಿಂದಲೇ ಬರಬೇಕು, ಅದಕ್ಕೆ ವಾರಗಳು ಬೇಕಾದವು. ಆಘಾತದ ಮೇಲೆ ನೇರವಾಗಿ ಕೆಲಸ ಮಾಡುವ ಇಂಥ ಮಾತಿನ ಚಿಕಿತ್ಸೆಗೆ ಒಳ್ಳೆಯ ಸಾಕ್ಷ್ಯ ಇದೆ. ಕಣ್ಣನ್ನು ಅತ್ತಿತ್ತ ಚಲಿಸುತ್ತಾ ಮಾಡುವ ಇಎಂಡಿಆರ್ ಅನ್ನುವ ವಿಧಾನಕ್ಕೂ ಇದೆ. ಹತ್ತು ಹನ್ನೆರಡು ಬೈಠಕ್ ಸಾಮಾನ್ಯ. ಜೊತೆಗೆ ಖಿನ್ನತೆ ಇದ್ದರೆ, ಅಥವಾ ಮಾತಿನ ಚಿಕಿತ್ಸೆ ಸಿಗುವ ಹಾಗಿಲ್ಲದಿದ್ದರೆ ಮನೋವೈದ್ಯರು ಎಸ್‌ಎಸ್‌ಆರ್‌ಐ ಅನ್ನುವ, ಖಿನ್ನತೆಗೆ ಕೊಡುವ ಗುಂಪಿನ ಮಾತ್ರೆ ಕೊಡುತ್ತಾರೆ. ಅದು ಚಟ ಹತ್ತಿಸುವ ಮಾತ್ರೆಯಲ್ಲ, ಆದರೆ ಕೆಲಸ ಮಾಡಲು ಕೆಲವು ವಾರ ಬೇಕು, ತಾನಾಗಿಯೇ ನಿಲ್ಲಿಸಲೂಬಾರದು.

ಇಲ್ಲಿ ಎಲ್ಲಿ ಸಿಗುತ್ತೆ

ರಾತ್ರಿ ಎರಡು ಗಂಟೆಗೆ ಕೈಗೆಟುಕುವುದು ಫೋನ್. ಟೆಲಿ ಮಾನಸ್, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಆದ ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಶಿಫ್ಟ್ ಕೆಲಸದವರಿಗೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಈ ನಂಬರಿಗೆ ಈಗಲೇ ಮಾಡಬೇಕು, ಒಬ್ಬರೇ ಇರಬಾರದು. ಜೊತೆಗಾರನ ಬಗ್ಗೆ ಅನುಮಾನ ಬಂದರೆ "ಸಾಯಬೇಕು ಅನ್ನಿಸ್ತಿದೆಯೇನೋ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಮುಖಾಮುಖಿ ಬೇಕಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆ ಇವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲಿ ಅಂತ 'ಮನೋಚೈತನ್ಯ' ಅನ್ನುವ ಕಾರ್ಯಕ್ರಮ ಇದೆ. ಹೊರಡುವ ಮೊದಲು ಒಂದು ಫೋನ್ ಮಾಡಿ, ಡಾಕ್ಟರು ಬರುವ ದಿನ ಖಚಿತ ಮಾಡಿಕೊಂಡರೆ ಬಸ್ ಚಾರ್ಜ್ ಉಳಿಯುತ್ತದೆ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಹತ್ತಿರಕ್ಕೆ ತರಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಮೊಳಕಾಲ್ಮೂರಿನವರಿಗೆ ಅದು ಆಚೆ ಬೀದಿಯ ಸುದ್ದಿ ಇದ್ದ ಹಾಗೆ.

ಎಲ್ಲರೂ ತಡೆದು ನಿಲ್ಲುವುದು ಒಂದೇ ಪ್ರಶ್ನೆಗೆ: ಸಾಹೇಬರಿಗೆ ಗೊತ್ತಾದರೆ? ಡ್ರೈವಿಂಗ್ ಡ್ಯೂಟಿ ತೆಗೆದರೆ? ಗುತ್ತಿಗೆ ಮೇಲೆ ಇರುವವನಿಗೆ ಕೆಲಸವೇ ಹೋದರೆ? ಭಯ ಸುಮ್ನೆ ಹುಟ್ಟಿದ್ದಲ್ಲ. ಕಾನೂನು ಏನನ್ನುತ್ತೆ ಅಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಕಲಂ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕು ಕೊಡುತ್ತದೆ. 23ನೇ ಕಲಂ ಗುಟ್ಟು ಕಾಯುವ ಹಕ್ಕು ಕೊಡುತ್ತದೆ. ನೀವು ಹೇಳಿದ್ದನ್ನು ಚಿಕಿತ್ಸೆ ಕೊಡುವವರು ನಿಮ್ಮ ಮೇಲಧಿಕಾರಿಗೆ ಹೇಳುವ ಹಾಗಿಲ್ಲ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದಾಗ, ಇನ್ನು ಕೆಲವು ಸಂದರ್ಭದಲ್ಲಿ ಮಾತ್ರ ವಿನಾಯಿತಿ. ಆದರೂ ಸಣ್ಣ ಊರಲ್ಲಿ ಓಪಿಡಿ ಸಾಲಿನಲ್ಲಿ ಪರಿಚಯದ ಮುಖ ಸಿಗುವುದನ್ನು ಯಾವ ಕಲಮೂ ತಡೆಯುವುದಿಲ್ಲ. ನನ್ನ ತಮ್ಮ ದಾವಣಗೆರೆ ಬಿಟ್ಟು ಬೇರೆ ಊರಿಗೆ ಹೋಗುತ್ತಿದ್ದದ್ದು ಅದಕ್ಕೇ. ಹೋಗಿಬರಲು ಒಂದು ದಿನದ ರಜೆ. ರಜೆಗೆ ಪ್ರತಿ ಸಲ ಒಂದು ಮದುವೆ, ಒಂದು ತಿಥಿ ಹುಟ್ಟಿಸಬೇಕಿತ್ತು.

ಆ ಖಾಲಿ ಕಾಲಂ

ಬ್ರಿಟನ್ನಿನ ನೌಕಾಪಡೆಯ ರಾಯಲ್ ಮರೀನ್ಸ್‌ನಲ್ಲಿ ಹುಟ್ಟಿ ಆಮೇಲೆ ಪೊಲೀಸ್, ಆಂಬುಲೆನ್ಸ್ ಕಡೆಗೂ ಬಂದ ಒಂದು ಕ್ರಮ ಇದೆ, ಹೆಸರು ಟ್ರಿಮ್. ಅದರಲ್ಲಿ ಡಾಕ್ಟರು ಇರುವುದಿಲ್ಲ. ಸಿಬ್ಬಂದಿಯಲ್ಲೇ ಕೆಲವರಿಗೆ ತರಬೇತಿ. ದೊಡ್ಡ ಘಟನೆ ಆದ ಸುಮಾರು 72 ಗಂಟೆಯ ಮೇಲೆ ಆ ಜೊತೆಗಾರ ಬಂದು ಮಾತಾಡುತ್ತಾನೆ, ತಿಂಗಳ ಮೇಲೆ ಇನ್ನೊಮ್ಮೆ ಬರುತ್ತಾನೆ. ನಿದ್ದೆ ಹೇಗಿದೆ, ಕುಡಿತ ಹೆಚ್ಚಾಯಿತಾ, ತನ್ನದೇ ತಪ್ಪು ಅಂತ ಅನ್ನಿಸುತ್ತಿದೆಯಾ. ಮೊದಲ ಸಲಕ್ಕಿಂತ ಎರಡನೇ ಸಲ ಕಡಿಮೆ ಆಗಿದ್ದರೆ ಸರಿ. ಆಗದಿದ್ದರೆ ತಜ್ಞರ ಹತ್ತಿರ ಕಳಿಸುತ್ತಾನೆ. ಕೆದಕುವುದಿಲ್ಲ, ಕಣ್ಣಿಟ್ಟಿರುತ್ತಾನೆ.

ನನಗೆ ಇದು ಹಿಡಿಸಿದ್ದಕ್ಕೆ ಕಾರಣ, ನಮ್ಮ ಗಾಡಿಗಳಲ್ಲಿ ಆ ಜೊತೆಗಾರ ಆಗಲೇ ಕೂತಿದ್ದಾನೆ. ಪೈಲಟ್ ಮತ್ತು ಇಎಂಟಿ ಹನ್ನೆರಡು ಗಂಟೆ ಒಂದೇ ಕ್ಯಾಬಿನ್ನಿನಲ್ಲಿ ಇರುತ್ತಾರೆ. ಹೆಂಡತಿಗಿಂತ ಜಾಸ್ತಿ ಹೊತ್ತು. ಅಗ್ನಿಶಾಮಕದವರು ಒಂದೇ ಠಾಣೆಯಲ್ಲಿ ಮಲಗಿ ಏಳುತ್ತಾರೆ. ಯಾರು ಊಟ ಬಿಟ್ಟ, ಯಾರು ಮಾತು ಬಿಟ್ಟ ಅಂತ ಮೊದಲು ಗೊತ್ತಾಗುವುದು ಇವರಿಗೇ. ಇವರಿಗೆ ಒಂದೆರಡು ದಿನದ ತರಬೇತಿ, ಗಾಡಿ ಪುಸ್ತಕದಲ್ಲಿ ಒಂದು ಕಾಲಂ, ಮಗುವಿನ ಸಾವಿನಂಥ ಕೇಸ್ ಆದಾಗ ಮುಂದಿನ ಕರೆಗೆ ಮೊದಲು ಅರ್ಧ ಗಂಟೆ, ಕಾರಣ ಬರೆಯದೆ ಸಿಗುವ ಒಂದು ರಜೆ. ಇದಕ್ಕೆಲ್ಲ ಹೊಸ ಕಟ್ಟಡ ಕಟ್ಟಬೇಕಿಲ್ಲ.

ಮನೆಯವರ ಪಾಲೂ ಇದೆ. "ಏನಾಯ್ತು ಹೇಳು ಹೇಳು" ಅಂತ ಕೂರಬಾರದು. "ಇವತ್ತು ಸುಸ್ತಾಗಿದೀಯ, ನೀರು ಕಾದಿದೆ, ಸ್ನಾನ ಮಾಡು" ಅಂದರೆ ಎಷ್ಟೋ ಹೇಳಿದ ಹಾಗೆ. ಇನ್ನೊಂದು ತುದಿಯೂ ಇದೆ. ನನ್ನ ತಮ್ಮನ ಹೆಂಡತಿ ವಿಷಯ ಗೊತ್ತಾದ ಮೇಲೆ ಈರುಳ್ಳಿ, ಈಳಿಗೆಮಣೆ ಎರಡನ್ನೂ ಹಿತ್ತಲಿಗೆ ಸಾಗಿಸಿದಳು. ಪ್ರೀತಿಯಿಂದಲೇ. ಆದರೆ ತಪ್ಪಿಸಿಕೊಂಡಷ್ಟೂ ಭಯ ಗಟ್ಟಿಯಾಗುತ್ತದೆ ಅಂತ ಸೈಕಾಲಜಿಸ್ಟ್ ಅವಳನ್ನೂ ಕರೆಸಿ ಹೇಳಿದರು. ಮೊದಲು ಹಿತ್ತಲ ಬಾಗಿಲು ತೆಗೆದಿಟ್ಟು ಹೆಚ್ಚುವುದು, ಆಮೇಲೆ ಬಾಗಿಲ ಬಳಿ, ಆಮೇಲೆ ಅಡುಗೆಮನೆಯಲ್ಲಿ, ಅವನು ಪಕ್ಕದಲ್ಲಿ ಕೂತಿರುವಾಗ. ಎರಡು ತಿಂಗಳು ಹಿಡಿಯಿತು. ಒಂದು ಭಾನುವಾರ ಅವನೇ ಹೆಚ್ಚಿದ, ಕಣ್ಣಲ್ಲಿ ನೀರು ಬಂತು. ಈರುಳ್ಳಿಯದ್ದೇ ಅಂದ.

ಅವಳು ಈಗಲೂ ಈರುಳ್ಳಿ ಹೆಚ್ಚುವುದು ಹಿತ್ತಲಲ್ಲೇ. ಒಳಗೇ ಹೆಚ್ಚು ಅಂತ ಅವನು ಹೇಳಿ ಹೇಳಿ ಸಾಕಾಗಿದ್ದಾನೆ. ಅಡುಗೆಮನೆಯಲ್ಲಿ ಸೆಕೆ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅನ್ನುತ್ತಾಳೆ.